ಮಗಳ ಮದುವೆಗೆ ಸೆಲೆಬ್ರೆಂಟರನ್ನು ಆರಿಸಿಕೊಂಡದ್ದು

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳ ಮದುವೆ ಗೊತ್ತಾದ ಕೂಡಲೇ ಸ್ಥಳ, ಊಟ, ಸೀರೆ, ಛಾಯಾಗ್ರಾಹಕರು ಎಂದು ಪಟ್ಟಿ ಬೆಳೆಯತೊಡಗುತ್ತದೆ. ಮದುವೆಯನ್ನು ಮಾಡಿಸುವವರು ಯಾರು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಬಹಳ ಕೆಳಗೆ ಇರುತ್ತದೆ. ದೇವಸ್ಥಾನದಲ್ಲಿ ಶಾಸ್ತ್ರೋಕ್ತವಾಗಿ ನಡೆಯುವ ಮದುವೆಯಾದರೆ ಪುರೋಹಿತರು ಪರಿಚಿತರೇ ಆಗಿರುತ್ತಾರೆ, ಯಾವುದಾದ ಮೇಲೆ ಯಾವುದು ಎಂಬ ಕ್ರಮವೂ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಆದರೆ ಮದುವೆ ಸಿವಿಲ್ ವಿಧಾನದಲ್ಲಿ ನಡೆಯುವುದಾದರೆ, ಅಲ್ಲಿ ಮೊದಲೇ ಸಿದ್ಧವಾದ ಕ್ರಮವೆಂಬುದು ಬಹಳ ಕಡಿಮೆ. ಅದನ್ನು ನೆರವೇರಿಸುವ ಸೆಲೆಬ್ರೆಂಟ್ ಎಂಥವರು ಎಂಬುದರ ಮೇಲೆಯೇ ಹೆಚ್ಚಿನದೆಲ್ಲ ನಿಂತಿರುತ್ತದೆ. ಮೆಲ್ಬರ್ನ್‌ನಲ್ಲಿ ಹುಟ್ಟಿ ಬೆಳೆದ ನಮ್ಮ ಮಗಳು ಐರಿಷ್ ಮೂಲದ ಆಸ್ಟ್ರೇಲಿಯನ್ ಕುಟುಂಬದ ಹುಡುಗನನ್ನು ಹೀಗೆ ಸಿವಿಲ್ ವಿಧಾನದಲ್ಲಿ ಮದುವೆಯಾದಳು. ಸೆಲೆಬ್ರೆಂಟರನ್ನು ಹುಡುಕುವ ಕೆಲಸದಲ್ಲಿ ಅವರಿಬ್ಬರ ಜೊತೆ ನಾನೂ ಇದ್ದೆ. ಆಗ ಕಲಿತದ್ದನ್ನು, ಈಗ ಅದೇ ಹುಡುಕಾಟದಲ್ಲಿರುವ ಮನೆಗಳಿಗೆ ಉಪಯೋಗವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಈ ವ್ಯವಸ್ಥೆ ಹೇಗೆ ಬಂತೆಂಬುದನ್ನು ಮೊದಲು ಹೇಳಬೇಕು. ಆಸ್ಟ್ರೇಲಿಯಾದ ಮದುವೆ ಕಾಯ್ದೆ 1961ರದು. ಅದಾದ ಮೇಲೂ ಅನೇಕ ವರ್ಷ ಚರ್ಚಿನಲ್ಲಿ ಮದುವೆಯಾಗಲು ಇಷ್ಟವಿಲ್ಲದವರಿಗೆ ರಿಜಿಸ್ಟ್ರಿ ಕಚೇರಿಯಲ್ಲಿ ಅಧಿಕಾರಿಯ ಮುಂದೆ ನಾಲ್ಕು ಮಾತು ಹೇಳಿ ಸಹಿ ಹಾಕಿ ಬರುವುದೊಂದೇ ದಾರಿಯಾಗಿತ್ತು. ಧರ್ಮದ ಹಂಗಿಲ್ಲದೆ ಮದುವೆಯಾಗುವವರಿಗೂ ಘನತೆಯುಳ್ಳ ಸಮಾರಂಭವೊಂದು ದೊರೆಯಬೇಕು ಎಂದು ನಂಬಿದ್ದವರು ಆಗಿನ ಪ್ರಧಾನಿ ವಿಟ್ಲಂ ಅವರ ಸರ್ಕಾರದಲ್ಲಿ ಅಟಾರ್ನಿ ಜನರಲ್, ಅಂದರೆ ಕಾನೂನು ಮಂತ್ರಿ, ಆಗಿದ್ದ ಲಯೊನೆಲ್ ಮರ್ಫಿ. ಅವರು 1973ರ ಜುಲೈ 19ರಂದು ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್‌ನಲ್ಲಿದ್ದ ಲೋಯಿಸ್ ಡಾರ್ಸಿ ಎಂಬ ಯುವತಿಯನ್ನು ದೇಶದ ಮೊದಲ ಸಿವಿಲ್ ಸೆಲೆಬ್ರೆಂಟ್ ಆಗಿ ನೇಮಿಸಿದರು. ಚರ್ಚಿನವರೂ ಅಲ್ಲದ, ಸರ್ಕಾರಿ ಕಚೇರಿಯವರೂ ಅಲ್ಲದ ಒಬ್ಬ ಸಾಮಾನ್ಯ ಪ್ರಜೆ ಮದುವೆ ಮಾಡಿಸಬಹುದು, ಅದನ್ನು ತೋಟದಲ್ಲಾಗಲಿ ಕಡಲ ದಂಡೆಯಲ್ಲಾಗಲಿ ಮನೆಯಂಗಳದಲ್ಲಾಗಲಿ ಮಾಡಿಸಬಹುದು ಎಂಬುದು ಆಗ ಹೊಸ ವಿಚಾರ. ಇಂದು ಈ ದೇಶದಲ್ಲಿ ನಡೆಯುವ ನೂರು ಮದುವೆಗಳಲ್ಲಿ ಸುಮಾರು 80ನ್ನು ಸಿವಿಲ್ ಸೆಲೆಬ್ರೆಂಟರೇ ನೆರವೇರಿಸುತ್ತಾರೆ.

ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸುವಾಗ ಕರ್ನಾಟಕದಲ್ಲಿ ನಡೆಯುವ ರಿಜಿಸ್ಟರ್ ಮದುವೆಯ ಜೊತೆಗೆ ಹೋಲಿಸಿ ಹೇಳಬೇಕಾಯಿತು. ಭಾರತದಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವವರು ನೋಟಿಸು ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ವಿವಾಹಾಧಿಕಾರಿಯ ಮುಂದೆ ನಿಲ್ಲುತ್ತಾರೆ. ಆ ಅಧಿಕಾರಿ ಯಾರೆಂಬುದು ಅವರ ಕೈಯಲ್ಲಿರುವುದಿಲ್ಲ. ಆ ದಿನ ಆ ಕುರ್ಚಿಯಲ್ಲಿ ಯಾರು ಕುಳಿತಿರುತ್ತಾರೋ ಅವರೇ. ಇಲ್ಲಿ ಹಾಗಲ್ಲ. ಸಾವಿರಾರು ಮಂದಿ ನೋಂದಾಯಿತ ಸೆಲೆಬ್ರೆಂಟರಲ್ಲಿ ಒಬ್ಬರನ್ನು ವಧೂವರರೇ ಹುಡುಕಿ, ಮಾತಾಡಿ, ಒಪ್ಪಿಸಿಕೊಳ್ಳಬೇಕು. ಬೇಡವೆಂದರೆ ರಿಜಿಸ್ಟ್ರಿಯ ದಾರಿ ಈಗಲೂ ಇದೆ. ಮೆಲ್ಬರ್ನ್‌ನಲ್ಲಿ ಸ್ಪ್ರಿಂಗ್ ಸ್ಟ್ರೀಟಿನ ಓಲ್ಡ್ ಟ್ರೆಷರಿ ಕಟ್ಟಡದಲ್ಲಿ ವಿಕ್ಟೋರಿಯಾ ರಾಜ್ಯದ ಮದುವೆ ರಿಜಿಸ್ಟ್ರಿ ಇದ್ದು, ಅಲ್ಲಿ ಅವರದೇ ಸೆಲೆಬ್ರೆಂಟರು ಮದುವೆ ಮಾಡಿಸುತ್ತಾರೆ. ಚಿಕ್ಕದಾಗಿ, ಹತ್ತಿರದವರಷ್ಟೇ ಸೇರಿ ಮದುವೆಯಾಗಬಯಸುವವರಿಗೆ ಅದು ಒಳ್ಳೆಯ ಏರ್ಪಾಡು, ಕಟ್ಟಡವೂ ಬಹಳ ಚೆನ್ನಾಗಿದೆ. ನಮ್ಮದು ಎರಡು ಕಡೆಯ ಅಜ್ಜ ಅಜ್ಜಿಯರು, ಎರಡು ಭಾಷೆ ಸೇರುವ ಮದುವೆಯಾದ್ದರಿಂದ ನಾವು ಆ ದಾರಿಯನ್ನು ಹಿಡಿಯಲಿಲ್ಲ.

ಕಾನೂನು ಸಮಾರಂಭದಿಂದ ಬಯಸುವುದು ತೀರ ಸ್ವಲ್ಪ. ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲು, 18 ತಿಂಗಳಿಗಿಂತ ಮುಂಚೆಯಲ್ಲದಂತೆ, ಮದುವೆಯ ಉದ್ದೇಶದ ನೋಟಿಸನ್ನು ಸೆಲೆಬ್ರೆಂಟರ ಕೈಗೆ ಒಪ್ಪಿಸಬೇಕು. ಮದುವೆಯ ಹೊತ್ತಿಗೆ 18 ವರ್ಷ ತುಂಬಿದ ಇಬ್ಬರು ಸಾಕ್ಷಿಗಳಿರಬೇಕು. ಸೆಲೆಬ್ರೆಂಟರು ತಮಗೆ ಮದುವೆ ಮಾಡಿಸುವ ಅಧಿಕಾರವಿದೆಯೆಂದು ತಿಳಿಸಿ, ಈ ಸಂಬಂಧದ ಗಂಭೀರತೆಯನ್ನೂ ಬದ್ಧತೆಯನ್ನೂ ನೆನಪಿಸಿ, ಕಾನೂನಿನ ಪ್ರಕಾರ ಮದುವೆಯೆಂದರೆ ಬೇರೆಲ್ಲರನ್ನೂ ಹೊರತುಪಡಿಸಿ ಇಬ್ಬರು ವ್ಯಕ್ತಿಗಳು ಸ್ವಇಚ್ಛೆಯಿಂದ ಜೀವನಪರ್ಯಂತ ಕೂಡಿಕೊಳ್ಳುವುದು ಎಂಬ ಮಾತನ್ನು ಹೇಳಬೇಕು. 2017ರ ಡಿಸೆಂಬರ್ 9ಕ್ಕೆ ಮೊದಲು ಈ ವಾಕ್ಯದಲ್ಲಿ ಗಂಡು ಮತ್ತು ಹೆಣ್ಣು ಎಂದಿತ್ತು. ಆ ದಿನದಿಂದ ಇಬ್ಬರು ವ್ಯಕ್ತಿಗಳು ಎಂದಾಯಿತು. ಆಮೇಲೆ ವಧೂವರರು, ಇಲ್ಲಿ ನೆರೆದವರ ಸಾಕ್ಷಿಯಾಗಿ ನಾನು ಇಂಥವರನ್ನು ಪತಿಯಾಗಿ ಅಥವಾ ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದು ಒಬ್ಬರಿಗೊಬ್ಬರು ಹೇಳಬೇಕು. ಇಷ್ಟು ಹೇಳಲು ಎರಡು ಮೂರು ನಿಮಿಷ ಸಾಕು. ಉಳಿದ ಅರ್ಧ ಗಂಟೆಯೆಲ್ಲ ಖಾಲಿ. ಆ ಖಾಲಿ ಜಾಗದಲ್ಲಿ ಏನಿರಬೇಕು, ಯಾರು ಮಾತಾಡಬೇಕು, ಯಾವಾಗ ಮೌನವಿರಬೇಕು ಎಂಬುದನ್ನು ಸೆಲೆಬ್ರೆಂಟರೂ ವಧೂವರರೂ ಕೂತು ಕಟ್ಟಬೇಕು. ಈ ಸ್ವಾತಂತ್ರ್ಯ ನಿಜಕ್ಕೂ ಬೆಲೆಯುಳ್ಳದ್ದು. ಅದನ್ನು ಯಾರ ಕೈಗೆ ಒಪ್ಪಿಸುತ್ತೇವೆ ಎಂಬ ವಿಚಾರದಲ್ಲಿ ಆದ್ದರಿಂದಲೇ ಅವಸರ ಮಾಡಬಾರದು.

ಅಟಾರ್ನಿ ಜನರಲ್ ಇಲಾಖೆಯ ಜಾಲತಾಣದಲ್ಲಿ ನೋಂದಾಯಿತ ಸೆಲೆಬ್ರೆಂಟರ ಪಟ್ಟಿ ಇದೆ. ಯಾರನ್ನೇ ಗೊತ್ತುಮಾಡುವ ಮೊದಲು ಆ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ನೋಡಲೇಬೇಕು, ಏಕೆಂದರೆ ಅಧಿಕಾರವಿಲ್ಲದವರು ಎಷ್ಟು ಚೆನ್ನಾಗಿ ಮದುವೆ ಮಾಡಿಸಿದರೂ ಅದಕ್ಕೆ ಕಾನೂನಿನ ಬೆಂಬಲ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಹೊಸದಾಗಿ ನೋಂದಾಯಿಸಿಕೊಳ್ಳುವವರು ಸಾಮಾನ್ಯವಾಗಿ ಸೆಲೆಬ್ರೆಂಟ್ ಕೆಲಸಕ್ಕೆಂದೇ ಇರುವ, ಸರ್ಟಿಫಿಕೇಟ್ 4 ಎಂಬ ಮಟ್ಟದ ವೃತ್ತಿ ತರಬೇತಿಯನ್ನು ಮುಗಿಸಿರಬೇಕು. ದರವನ್ನು ಸರ್ಕಾರ ನಿಗದಿಪಡಿಸಿಲ್ಲ, ಒಬ್ಬೊಬ್ಬರದು ಒಂದೊಂದು. ದರದಲ್ಲಿ ಏನೇನು ಸೇರಿದೆ, ಪೂರ್ವಾಭ್ಯಾಸಕ್ಕೆ ಬರುತ್ತಾರೆಯೇ, ಮೈಕು ಅವರೇ ತರುತ್ತಾರೆಯೇ ಎಂದು ಕೇಳಿ ಬರೆಸಿಕೊಂಡರೆ ಸಾಕು.

ಮಗಳೂ ಅಳಿಯನೂ ಕೆಲವರನ್ನು ಭೇಟಿಯಾದರು. ಕೆಲವು ಭೇಟಿಗಳಿಗೆ ನನ್ನನ್ನೂ ಕರೆದರು. ಎಲ್ಲರೂ ಅನುಭವಿಗಳು, ಮಾತಿನಲ್ಲಿ ನಯವುಳ್ಳವರು. ಒಬ್ಬರು ತಾವು ಮಾಡಿಸಿದ ಮದುವೆಗಳ ಚಿತ್ರಗಳನ್ನು ತೋರಿಸಿದರು. ಇನ್ನೊಬ್ಬರು ತಮ್ಮ ಬಳಿ ಮೂರು ಬಗೆಯ ಮಾದರಿಗಳಿವೆ, ಸರಳವಾದದ್ದು, ಭಾವಪೂರ್ಣವಾದದ್ದು, ನಗೆಯಿಂದ ಕೂಡಿದ್ದು, ಯಾವುದು ಬೇಕೋ ಆರಿಸಿಕೊಳ್ಳಿ ಎಂದರು. ಅವರು ಕಳಿಸಿದ ಮಾದರಿಯನ್ನು ಓದಿದೆ. ವಾಕ್ಯಗಳು ಸೊಗಸಾಗಿದ್ದವು, ಆದರೆ ವಧೂವರರ ಹೆಸರುಗಳ ಜಾಗದಲ್ಲಿ ಯಾರ ಹೆಸರನ್ನು ಕೂರಿಸಿದರೂ ಒಂದು ಅಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ಕೊನೆಗೆ ನಾವು ಒಪ್ಪಿಕೊಂಡ ಮಹಿಳೆ ಮೊದಲ ಭೇಟಿಯಲ್ಲಿ ತಮ್ಮ ಬಗ್ಗೆ ಬಹಳ ಕಡಿಮೆ ಹೇಳಿದರು. ನೀವಿಬ್ಬರೂ ಜಗಳವಾಡಿದಾಗ ಮೊದಲು ಮಾತಾಡುವವರು ಯಾರು, ನಿಮ್ಮ ಸಂಬಂಧದ ವಿಷಯ ಮೊದಲು ಯಾರಿಗೆ ಹೇಳಿದಿರಿ, ಈ ಮದುವೆಗೆ ಬರಲು ಆಗದೆ ಹೋದವರಲ್ಲಿ ಯಾರು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದೆಲ್ಲ ಕೇಳಿದರು. ಕೊನೆಯ ಪ್ರಶ್ನೆಗೆ ಮಗಳು ನನ್ನ ತಾಯಿಯ ಹೆಸರು ಹೇಳಿದಳು. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಪ್ರಯಾಣ ಮಾಡುವ ಶಕ್ತಿ ಇರಲಿಲ್ಲ. ಆ ಮಹಿಳೆ ಅದನ್ನು ಬರೆದುಕೊಂಡು, ಸಮಾರಂಭ ಯಾವ ಹೊತ್ತಿಗೆ ಇಟ್ಟುಕೊಂಡರೆ ಅಜ್ಜಿ ವೀಡಿಯೋದಲ್ಲಿ ಆರಾಮವಾಗಿ ಕೂತು ನೋಡಬಹುದು ಎಂದು ಕೇಳಿದರು. ಮಧ್ಯಾಹ್ನ 3 ಗಂಟೆಗೆ ಇಟ್ಟುಕೊಂಡರೆ, ಬೇಸಿಗೆಯ ಗಡಿಯಾರದ ಲೆಕ್ಕದಲ್ಲಿ ಊರಿನಲ್ಲಿ ಬೆಳಗಿನ ಒಂಬತ್ತೂವರೆ. ಸ್ನಾನ, ಪೂಜೆ, ತಿಂಡಿ ಮುಗಿದಿರುವ ಹೊತ್ತು. ಮದುವೆಯ ಸಮಯ ನಿಶ್ಚಯವಾದದ್ದು ಹಾಗೆ.

ಸೆಲೆಬ್ರೆಂಟರನ್ನು ಅವರು ಕೊಡುವ ಉತ್ತರಗಳಿಗಿಂತ ಅವರು ಕೇಳುವ ಪ್ರಶ್ನೆಗಳಿಂದ ಅಳೆಯಬೇಕೆಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆ ಭೇಟಿಯಲ್ಲಿಯೇ. ಇದಕ್ಕೆ ಇನ್ನೊಂದು ಹಿನ್ನೆಲೆಯೂ ಉಂಟು. ನನ್ನ ಮತ್ತು ನನ್ನ ಪತಿಯ ಮದುವೆ ಶಿವಮೊಗ್ಗದಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆದಿತ್ತು. ಪುರೋಹಿತರಿಲ್ಲದೆ, ವರದಕ್ಷಿಣೆ ಆಡಂಬರಗಳಿಲ್ಲದೆ, ವಧೂವರರು ಅರ್ಥ ತಿಳಿದು ಪ್ರತಿಜ್ಞೆ ಮಾಡಿ ಮದುವೆಯಾಗುವ ಆ ಕ್ರಮವನ್ನು ಕುವೆಂಪು ರೂಪಿಸಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ನಡೆಯಿತು. ಅಲ್ಲಿಯೂ ಪ್ರತಿಜ್ಞೆಯನ್ನು ಹೇಳಿಸುವ ಒಬ್ಬ ಹಿರಿಯರು ಬೇಕು. ನಮಗೆ ಹೇಳಿಸಿದವರು ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು. ಅವರು ಮದುವೆಗೆ ಮೊದಲು ನಮ್ಮಿಬ್ಬರನ್ನೂ ಮನೆಗೆ ಕರೆದು, ಪ್ರತಿಜ್ಞೆಯ ಒಂದೊಂದು ವಾಕ್ಯವನ್ನೂ ಓದಿಸಿ, ಇದನ್ನು ನಿಜವಾಗಿಯೂ ಒಪ್ಪುತ್ತೀರಾ ಎಂದು ಕೇಳಿದ್ದರು. ಒಪ್ಪದ ಮಾತನ್ನು ಸಭೆಯಲ್ಲಿ ಹೇಳಬೇಡಿ ಎಂದಿದ್ದರು. ಮದುವೆ ಮಾಡಿಸುವವರಿಂದ ನಾನು ಏನನ್ನು ನಿರೀಕ್ಷಿಸುತ್ತೇನೆ ಎಂಬುದು ಅಂದೇ ತೀರ್ಮಾನವಾಗಿತ್ತೆಂದು ಕಾಣುತ್ತದೆ.

ಹಾಗಾಗಿ ಇಲ್ಲಿನ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶದ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸೆಲೆಬ್ರೆಂಟರು ಮದುವೆಗೆ ಮೊದಲು ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ, ಮುಖಾಮುಖಿಯಾಗಿ ಭೇಟಿಯಾಗಲೇಬೇಕು. ಇಬ್ಬರೂ ಸ್ವಇಚ್ಛೆಯಿಂದ ಮದುವೆಯಾಗುತ್ತಿದ್ದಾರೆಯೇ, ಯಾರದಾದರೂ ಒತ್ತಾಯವಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಇದರ ಉದ್ದೇಶ. ಬಲವಂತದ ಮದುವೆ 2013ರಿಂದ ಆಸ್ಟ್ರೇಲಿಯಾದಲ್ಲಿ ಅಪರಾಧ. ನಮ್ಮ ಪರಿಚಯದ ಕೆಲವು ತಂದೆತಾಯಿಯರಿಗೆ ಈ ಪ್ರತ್ಯೇಕ ಭೇಟಿ ಕಸಿವಿಸಿ ಉಂಟುಮಾಡುತ್ತದೆ. ನಮ್ಮ ಮಗಳನ್ನು ನಮ್ಮ ಮುಂದೆಯೇ ಕೇಳಬಹುದಲ್ಲ, ನಮ್ಮ ಮೇಲೆ ಅನುಮಾನವೇ ಎಂದು ಕೇಳಿದವರಿದ್ದಾರೆ. ಅನುಮಾನದ ಮಾತಲ್ಲ ಅದು. ಎಲ್ಲರ ಮನೆಯ ಮಕ್ಕಳಿಗೂ ಒಂದೇ ನಿಯಮ. ನಮ್ಮ ಸಮಾಜದಲ್ಲಿ ಎಷ್ಟು ಹೆಣ್ಣುಮಕ್ಕಳು ಹಸೆಮಣೆ ಏರುವವರೆಗೂ, ನಿನಗೆ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಯಾರ ಬಾಯಿಂದಲೂ ಒಂಟಿಯಾಗಿ ಕೇಳಿಸಿಕೊಂಡಿರುವುದಿಲ್ಲ ಎಂಬುದನ್ನು ನೆನೆದರೆ, ಈ ಕಾಲು ಗಂಟೆಯ ಭೇಟಿಗೆ ನಾವು ಕೃತಜ್ಞರಾಗಿರಬೇಕು. ನಾವು ಆರಿಸಿಕೊಂಡ ಮಹಿಳೆ ಇದನ್ನು ಮುಗಿಸಿಬಿಡಬೇಕಾದ ಕಾಗದದ ಕೆಲಸವಾಗಿ ಮಾಡಲಿಲ್ಲ. ಮಗಳ ಮನೆಗೆ ಬಂದು, ಅಳಿಯನನ್ನು ಹೊರಗೆ ಕಳಿಸಿ, ಸಾವಧಾನವಾಗಿ ಕೂತು ಮಾತಾಡಿದರು. ಇನ್ನೊಂದು ದಿನ ಅಳಿಯನ ಜೊತೆಗೂ ಹಾಗೆಯೇ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೆಲೆಬ್ರೆಂಟರನ್ನು ಆರಿಸುವಾಗ, ಈ ಭೇಟಿಯನ್ನು ಎಲ್ಲಿ, ಹೇಗೆ, ಎಷ್ಟು ಹೊತ್ತು ನಡೆಸುತ್ತೀರಿ ಎಂದು ಕೇಳಿ ನೋಡಿ. ಮದುವೆಯ ದಿನವೇ ಬಂದು ಎರಡು ನಿಮಿಷದಲ್ಲಿ ಮುಗಿಸುತ್ತೇನೆ ಎನ್ನುವವರಿಗೂ, ಮೊದಲೇ ಒಂದು ದಿನ ಗೊತ್ತುಮಾಡಿಕೊಳ್ಳೋಣ ಎನ್ನುವವರಿಗೂ ಬಹಳ ವ್ಯತ್ಯಾಸವಿದೆ.

ಕಾಗದಪತ್ರಗಳಲ್ಲಿ ಎಚ್ಚರವಿರುವ ಸೆಲೆಬ್ರೆಂಟ್ ನಮ್ಮ ಜನಕ್ಕೆ ಬಹಳ ಮುಖ್ಯ. ನೋಟಿಸಿನ ಜೊತೆಗೆ ಹುಟ್ಟಿದ ದಿನ ಮತ್ತು ಊರನ್ನು ತೋರಿಸುವ ದಾಖಲೆ, ಗುರುತಿನ ಚೀಟಿ, ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದಕ್ಕೆ ಪುರಾವೆ ಬೇಕಾಗುತ್ತದೆ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಪಾಸ್‌ಪೋರ್ಟ್ ನಡೆಯುತ್ತದೆ. ತೊಡಕಾಗುವುದು ಹೆಸರುಗಳಲ್ಲಿ. ಕರ್ನಾಟಕದಿಂದ ಬಂದವರಲ್ಲಿ ಕೆಲವರಿಗೆ ಊರಿನ ಹೆಸರು ಮೊದಲಿಗೆ ಇರುತ್ತದೆ, ಕೆಲವರಿಗೆ ತಂದೆಯ ಹೆಸರು ಕೊನೆಗೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ, ಇಲ್ಲಿನ ಚಾಲನಾ ಪರವಾನಗಿಯಲ್ಲಿ ಇನ್ನೊಂದು ರೂಪ. ಕುಲನಾಮದ ಜಾಗ ಖಾಲಿಯಿರುವ ಪಾಸ್‌ಪೋರ್ಟುಗಳೂ ಇವೆ. ನೋಟಿಸಿನಲ್ಲಿ ಬರೆದ ಹೆಸರೇ ಮದುವೆಯ ನೋಂದಣಿಗೆ ಹೋಗುವುದರಿಂದ, ಮುಂದೆ ವೀಸಾ, ಪಾಸ್‌ಪೋರ್ಟ್, ಬ್ಯಾಂಕಿನ ಕೆಲಸಗಳಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಅಲೆದಾಡಿಸಬಹುದು. ನೋಟಿಸಿನಲ್ಲಿ ತಂದೆತಾಯಿಯರ ಹೆಸರನ್ನೂ ಅವರು ಹುಟ್ಟಿದ ದೇಶವನ್ನೂ ಬರೆಯಬೇಕು. ತಾಯಿಯ ಹುಟ್ಟಿದ ಮನೆಯ ಕುಲನಾಮವನ್ನು ಕೇಳುವ ಅಂಕಣವೊಂದಿದೆ, ಕುಲನಾಮವೇ ಇಲ್ಲದ ನನ್ನಂಥವರು ಅದನ್ನು ಹೇಗೆ ತುಂಬಬೇಕೆಂದು ಆ ಮಹಿಳೆ ಊಹಿಸಲು ಹೋಗದೆ, ನೋಂದಣಿ ಕಚೇರಿಯನ್ನು ವಿಚಾರಿಸಿ ಬಂದು ಬರೆಸಿದರು. ಅದು ಸಣ್ಣ ಸಂಗತಿಯಂತೆ ಕಂಡರೂ, ಕೆಲಸದ ಮೇಲೆ ಅವರಿಗಿರುವ ಶ್ರದ್ಧೆಯನ್ನು ನನಗೆ ಬೇರೆ ಯಾವ ಪ್ರಶಂಸಾಪತ್ರವೂ ಅಷ್ಟು ಚೆನ್ನಾಗಿ ತೋರಿಸುತ್ತಿರಲಿಲ್ಲ.

ಭಾರತದಲ್ಲಿ ಆಗಲೇ ಮದುವೆ ಮುಗಿಸಿ ಬಂದವರು ಇಲ್ಲಿ ಇನ್ನೊಮ್ಮೆ ಮದುವೆಯಾಗಬಯಸುವುದುಂಟು. ಅಲ್ಲಿ ಕಾನೂನುಬದ್ಧವಾಗಿ ಮದುವೆಯಾಗಿದ್ದರೆ ಸಾಮಾನ್ಯವಾಗಿ ಇಲ್ಲಿಯೂ ಅದೇ ಮದುವೆ ಮಾನ್ಯ; ಮತ್ತೊಮ್ಮೆ ಕಾನೂನಿನ ಮದುವೆ ಮಾಡಿಸಲು ಸೆಲೆಬ್ರೆಂಟರಿಗೆ ಬರುವುದಿಲ್ಲ. ಸ್ನೇಹಿತರೆಲ್ಲ ಸೇರಿದ ಒಂದು ಸಂತೋಷದ ಸಮಾರಂಭವನ್ನು ಅವರು ನಡೆಸಿಕೊಡಬಹುದು, ಆದರೆ ಅದು ಮದುವೆಯಲ್ಲ ಎಂದು ಸ್ಪಷ್ಟವಾಗಿರಬೇಕು. ಊರಿನಲ್ಲಿ ನಡೆದದ್ದನ್ನು ಸೆಲೆಬ್ರೆಂಟರಿಂದ ಮರೆಮಾಚಬೇಡಿ.

ಇನ್ನು ಭಾಷೆಯ ವಿಷಯ. ನಮ್ಮ ಮನೆಯ ಮಟ್ಟಿಗೆ ಆಯ್ಕೆಯನ್ನು ಕೊನೆಗೂ ತೀರ್ಮಾನಿಸಿದ್ದು ಇದೇ. ವಧೂವರರಿಗಾಗಲಿ ಸಾಕ್ಷಿಗಳಿಗಾಗಲಿ ಇಂಗ್ಲಿಷ್ ಅರ್ಥವಾಗದಿದ್ದರೆ ದುಭಾಷಿಯನ್ನು ಇಟ್ಟುಕೊಳ್ಳುವ ಏರ್ಪಾಡು ಕಾನೂನಿನಲ್ಲಿಯೇ ಇದೆ. ನಮ್ಮಲ್ಲಿ ಆ ಅಗತ್ಯವಿರಲಿಲ್ಲ. ಆದರೆ ಹಾಸನದಿಂದ ಬಂದಿದ್ದ ನನ್ನ ಮಾವನವರಿಗೂ ಅತ್ತೆಯವರಿಗೂ ಇಂಗ್ಲಿಷ್ ಬಾರದು, ವೀಡಿಯೋದಲ್ಲಿ ನೋಡುವ ಅಮ್ಮನಿಗೂ ಬಾರದು. ಮೊಮ್ಮಗಳ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಏನು ನಡೆಯುತ್ತಿದೆಯೆಂದು ತಿಳಿಯದೆ, ಬೇರೆಯವರು ಚಪ್ಪಾಳೆ ತಟ್ಟಿದಾಗ ತಾವೂ ತಟ್ಟುವ ಸ್ಥಿತಿ ಹಿರಿಯರಿಗೆ ಬರಬಾರದೆಂದು ಮಗಳು ಹಟ ಹಿಡಿದಳು. ಅವಳು ಹಾಗೆ ಹಟ ಹಿಡಿದದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದು ಹೇಳಲಾರೆ. ಭೇಟಿಯಾದ ಸೆಲೆಬ್ರೆಂಟರಲ್ಲಿ ಒಬ್ಬರು, ಎರಡು ಭಾಷೆಯಲ್ಲಿ ನಡೆಸಿದರೆ ಸಮಾರಂಭ ಉದ್ದವಾಗಿ ಅತಿಥಿಗಳಿಗೆ ಬೇಸರವಾಗುತ್ತದೆ, ಕನ್ನಡವನ್ನು ಆರತಕ್ಷತೆಗೆ ಇಟ್ಟುಕೊಳ್ಳಿ ಎಂದು ಸಲಹೆ ಮಾಡಿದರು. ಅವರ ದೃಷ್ಟಿಯಿಂದ ಅದು ಸರಿಯಿರಬಹುದು, ನಮಗೆ ಹೊಂದಲಿಲ್ಲ.

ನಾವು ಒಪ್ಪಿಕೊಂಡವರು ಬೇರೆಯೇ ದಾರಿ ಹುಡುಕಿದರು. ಕಾನೂನಿನ ಮಾತುಗಳನ್ನು ಅವರು ಇಂಗ್ಲಿಷಿನಲ್ಲಿಯೇ ಹೇಳುವುದು, ಅದರ ಕನ್ನಡ ರೂಪವನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ಮೊದಲೇ ಹಿರಿಯರ ಕೈಗೆ ಕೊಡುವುದು, ನನ್ನ ನಾದಿನಿ ಸೆಲೆಬ್ರೆಂಟರ ಪಕ್ಕದಲ್ಲಿಯೇ ನಿಂತು ಮುಖ್ಯವಾದ ಘಟ್ಟಗಳಲ್ಲಿ ಎರಡು ಮೂರು ವಾಕ್ಯ ಕನ್ನಡದಲ್ಲಿ ಹೇಳುವುದು, ವಧೂವರರು ಕಾನೂನಿನ ಪ್ರತಿಜ್ಞೆಯನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ತಾವೇ ಬರೆದ ಮಾತುಗಳನ್ನು ಕನ್ನಡದಲ್ಲಿ ಹೇಳುವುದು, ಹೀಗೆ ಗೊತ್ತುಮಾಡಿದರು. ಅಳಿಯನೂ ತನ್ನ ನಾಲ್ಕು ವಾಕ್ಯಗಳನ್ನು ಕನ್ನಡದಲ್ಲಿ ಕಲಿತು ಹೇಳಿದ. ನಾದಿನಿ ಮಾತಾಡುವಾಗ ಸೆಲೆಬ್ರೆಂಟ್ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು, ಅವಳ ಕಡೆಗೇ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ಸಭೆಯ ಕಣ್ಣೆಲ್ಲ ತನ್ನ ಮೇಲಿರಬೇಕೆಂದು ಬಯಸುವವರಿಂದ ಇದು ಆಗುವ ಕೆಲಸವಲ್ಲ. ಮಗಳ ಹೆಸರಿನಲ್ಲಿರುವ ಳಕಾರ ಅವರ ನಾಲಿಗೆಗೆ ಸುಲಭವಾಗಿ ಬರುತ್ತಿರಲಿಲ್ಲ. ಅವಳ ಧ್ವನಿಯಲ್ಲಿಯೇ ಹೆಸರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು, ಕಾರಿನಲ್ಲಿ ಹೋಗುವಾಗೆಲ್ಲ ಕೇಳಿ ಅಭ್ಯಾಸ ಮಾಡಿದರು. ಪೂರ್ವಾಭ್ಯಾಸದ ದಿನ ಅವರ ಕೈಯಲ್ಲಿದ್ದ ಹಾಳೆಯನ್ನು ನೋಡಿದೆ. ಮಾವನವರ ಹೆಸರು, ಅತ್ತೆಯವರ ಹೆಸರು, ಊರಿನ ಹೆಸರು, ಪ್ರತಿಯೊಂದರ ಪಕ್ಕದಲ್ಲೂ ಎಲ್ಲಿ ಒತ್ತು, ಎಲ್ಲಿ ದೀರ್ಘ ಎಂದು ತಮಗೆ ತಿಳಿಯುವ ಗುರುತುಗಳನ್ನು ಪೆನ್ಸಿಲಿನಲ್ಲಿ ಹಾಕಿಕೊಂಡಿದ್ದರು.

ಮಾಂಗಲ್ಯಧಾರಣೆಯನ್ನು ಎಲ್ಲಿ ಇಡಬೇಕೆಂಬ ಚರ್ಚೆಯೂ ನಡೆಯಿತು. ಕಾನೂನಿನ ಕಣ್ಣಿನಲ್ಲಿ ಪ್ರತಿಜ್ಞೆಗಳನ್ನು ಹೇಳಿ ಮುಗಿಸಿದ ಗಳಿಗೆಗೆ ಮದುವೆಯಾಯಿತು. ನಮ್ಮ ಹಿರಿಯರ ಕಣ್ಣಿನಲ್ಲಿ ತಾಳಿ ಬೀಳುವವರೆಗೂ ಮದುವೆಯಾಗಲಿಲ್ಲ. ನಿಮ್ಮ ಅಜ್ಜಿಗೆ ಯಾವ ಗಳಿಗೆ ಮುಖ್ಯ ಎಂದು ಸೆಲೆಬ್ರೆಂಟರೇ ಮಗಳನ್ನು ಕೇಳಿ, ಎರಡರ ನಡುವೆ ಯಾವ ಭಾಷಣವೂ ಕವಿತೆಯೂ ಬರದಂತೆ, ಪ್ರತಿಜ್ಞೆಯ ಕೊನೆಯ ಮಾತಿಗೆ ಹೊಂದಿಕೊಂಡೇ ಮಾಂಗಲ್ಯಧಾರಣೆ ಆಗುವಂತೆ ಜೋಡಿಸಿದರು. ಸಹಿ ಹಾಕುವ ಕೆಲಸಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ವಧೂವರರು, ಸಾಕ್ಷಿಗಳು, ಸೆಲೆಬ್ರೆಂಟ್ ಎಲ್ಲರೂ ಮೂರು ಪ್ರಮಾಣಪತ್ರಗಳಿಗೆ ಸಹಿ ಮಾಡಬೇಕು, ಅಷ್ಟು ಹೊತ್ತು ಅತಿಥಿಗಳು ಸುಮ್ಮನೆ ಕೂತಿರುತ್ತಾರೆ. ಆ ಹೊತ್ತಿಗೆ ಅತ್ತೆಯವರಿಂದ ಹಸೆಯ ಹಾಡು ಹೇಳಿಸಬಹುದಲ್ಲ ಎಂದು ಸೂಚಿಸಿದವರೂ ಅವರೇ. ಅತ್ತೆಯವರು ಮೈಕು ಬೇಡವೆಂದು ಕೂತಲ್ಲಿಂದಲೇ ಹಾಡಿದರು, ಐರಿಷ್ ಕಡೆಯ ಬೀಗಿತ್ತಿ ಪಕ್ಕದಲ್ಲಿ ಬಂದು ಕೂತು ಕೊನೆಯವರೆಗೂ ಅವರ ಕೈ ಹಿಡಿದುಕೊಂಡಿದ್ದರು.

ತೋಟದಲ್ಲಿ ಮದುವೆ ಇಟ್ಟುಕೊಳ್ಳುವವರಿಗೆ ಎರಡು ಮಾತು. ಮೆಲ್ಬರ್ನ್‌ನ ಫಿಟ್ಜ್‌ರಾಯ್ ಗಾರ್ಡನ್ಸ್‌ನಂಥ ಸಾರ್ವಜನಿಕ ಉದ್ಯಾನಗಳಲ್ಲಿ ಮದುವೆಗೆ ಮೊದಲೇ ನಗರಪಾಲಿಕೆಯಲ್ಲಿ ಜಾಗ ಕಾಯ್ದಿರಿಸಬೇಕು. ಅನೇಕ ಉದ್ಯಾನಗಳಲ್ಲಿ ಅಕ್ಕಿ ಎಸೆಯಲು ಬಿಡುವುದಿಲ್ಲ, ಅಕ್ಷತೆಯ ಬಗ್ಗೆ ಮುಂಚಿತವಾಗಿ ಕೇಳಿಕೊಳ್ಳಿ. ಮೆಲ್ಬರ್ನ್‌ನ ಗಾಳಿ ಮೈಕಿನೊಳಗೆ ನುಗ್ಗಿದರೆ ಹಿಂದಿನ ಸಾಲಿಗೆ ಒಂದು ಮಾತೂ ಕೇಳಿಸದು, ಆದ್ದರಿಂದ ಸೆಲೆಬ್ರೆಂಟರು ತರುವ ಧ್ವನಿವರ್ಧಕವನ್ನು ಬಯಲಿನಲ್ಲಿ ಒಮ್ಮೆ ಕೇಳಿ ನೋಡುವುದು ಒಳ್ಳೆಯದು. ಸೆಲೆಬ್ರೆಂಟರಿಗೆ ಸರ್ಕಾರ ಗೊತ್ತುಮಾಡಿರುವ ನಡವಳಿಕೆಯ ಸಂಹಿತೆಯೊಂದಿದೆ. ಒಪ್ಪಿದ ಹೊತ್ತಿಗೆ ತಡವಾಗದಂತೆ ಬರಬೇಕು, ಒಂದೇ ದಿನ ಒಂದಕ್ಕಿಂತ ಹೆಚ್ಚು ಮದುವೆ ಒಪ್ಪಿಕೊಂಡಿದ್ದರೆ ಯಾವ ಜೋಡಿಗೂ ಕೊರತೆಯಾಗದಂತೆ ನೋಡಿಕೊಳ್ಳಬೇಕು, ವಧೂವರರ ಖಾಸಗಿ ಸಂಗತಿಗಳನ್ನು ಕಾಪಾಡಬೇಕು, ದೂರು ಕೊಡುವುದು ಹೇಗೆಂದು ತಿಳಿಸಬೇಕು ಎಂಬುದೆಲ್ಲ ಅದರಲ್ಲಿದೆ. ಅದನ್ನು ಒಮ್ಮೆ ಓದಿಕೊಂಡು ಹೋದರೆ ಏನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮದುವೆಯಾದ ಮೇಲೆ ಸೆಲೆಬ್ರೆಂಟರು 14 ದಿನಗಳೊಳಗೆ ಕಾಗದಗಳನ್ನು ರಾಜ್ಯದ ಜನನ, ಮರಣ ಮತ್ತು ವಿವಾಹ ನೋಂದಣಿ ಕಚೇರಿಗೆ ಸಲ್ಲಿಸಬೇಕು. ಸಮಾರಂಭದಲ್ಲಿ ವಧೂವರರ ಕೈಗೆ ಕೊಡುವ ಅಲಂಕಾರದ ಪ್ರಮಾಣಪತ್ರ ಪಾಸ್‌ಪೋರ್ಟು, ಹೆಸರು ಬದಲಾವಣೆ ಮುಂತಾದ ಕೆಲಸಗಳಿಗೆ ಸಾಮಾನ್ಯವಾಗಿ ಸಾಲದು. ನೋಂದಣಿ ಕಚೇರಿಗೆ ಬೇರೆಯಾಗಿ ಅರ್ಜಿ ಹಾಕಿ ಅಧಿಕೃತ ಪ್ರತಿಯನ್ನು ತರಿಸಿಕೊಳ್ಳಬೇಕು. ಸಿವಿಲ್ ಮದುವೆಯ ನಂತರ ದೇವಸ್ಥಾನದಲ್ಲಿ ಧಾರ್ಮಿಕ ವಿಧಿಯನ್ನೂ ಮಾಡಿಸಬೇಕೆಂದಿರುವವರಿಗೆ ಕಾಯ್ದೆ ಅಡ್ಡ ಬರುವುದಿಲ್ಲ, ಆದರೆ ತಾವು ಈಗಾಗಲೇ ಕಾನೂನುಬದ್ಧವಾಗಿ ಮದುವೆಯಾಗಿದ್ದೇವೆಂಬ ಪ್ರಮಾಣಪತ್ರವನ್ನು ಅದನ್ನು ನಡೆಸುವವರಿಗೆ ತೋರಿಸಿ, ಸಹಿ ಮಾಡಿದ ಲಿಖಿತ ಹೇಳಿಕೆಯನ್ನೂ ಕೊಡಬೇಕು. ನಮ್ಮ ಸೆಲೆಬ್ರೆಂಟ್ ಆ ಹೇಳಿಕೆಯಲ್ಲಿ ಏನೇನಿರಬೇಕೆಂದು ಮೊದಲೇ ತಿಳಿಸಿ, ಅದನ್ನು ಬರೆಯಿಸಿ, ಪ್ರಮಾಣಪತ್ರದ ಜೊತೆಗೇ ಲಕೋಟೆಯಲ್ಲಿಟ್ಟು ಮಗಳ ಕೈಗೆ ಕೊಟ್ಟಿದ್ದರು.